ಆಗಲ್ಲಪ್ಪನ ಏಳನೆಯ ಪೆಡಲು

ಮಧ್ಯಾಹ್ನ ಮೂರಕ್ಕೆ ರೆಡಿಯಾಗಿರಿ, ಕಾರು ತರುತ್ತೇನೆ ಎಂದು ಮಗಳು ಫೋನಿನಲ್ಲಿ ಹೇಳಿದಾಗ ಅವನು ಹೇಳಬೇಕಾಗಿದ್ದದ್ದು ಒಂದೇ ಮಾತು. ಆಗಲ್ಲ. ಎಲ್ಲರೂ ದಿನಕ್ಕೆ ನೂರು ಸಲ ಆಡುವ ಮಾತು. ಬಸ್ಸಿನ ಕಂಡಕ್ಟರು ಆಡುತ್ತಾನೆ, ದರ್ಜಿ ಆಡುತ್ತಾನೆ, ಆರು ವರ್ಷದ ಮೊಮ್ಮಗಳು ಹಾಲಿನ ಲೋಟ ಕಂಡ ಕೂಡಲೇ ಆಡುತ್ತಾಳೆ. ಅವನ ಬಾಯಿಂದ ಮಾತ್ರ ಮೂವತ್ತನಾಲ್ಕು ವರ್ಷದಿಂದ ಅದು ಹೊರಟಿಲ್ಲ. ಕಷ್ಟ ಎನ್ನುತ್ತಾನೆ, ನೋಡೋಣ ಎನ್ನುತ್ತಾನೆ, ತೀರ ಇಕ್ಕಟ್ಟಿಗೆ ಸಿಕ್ಕಿಕೊಂಡರೆ ಕೆಮ್ಮುತ್ತಾನೆ. ಅಡ್ಡಗೋಡೆ ಮೇಲೆ ದೀಪ ಇಡೋದರಲ್ಲಿ ನಮ್ಮ ಮನೆಯವರನ್ನ ಬಿಟ್ಟರಿಲ್ಲ ಎಂದು ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ಈಗಲೂ ಅವನು ಕೆಮ್ಮಿದ. ಮಗಳು ಅದನ್ನು ಒಪ್ಪಿಗೆ ಎಂದುಕೊಂಡು ಫೋನಿಟ್ಟಳು. ನೀನೂ ಬರುತ್ತೀಯಾ ಎಂದು ಹೆಂಡತಿಯನ್ನು ಕೇಳಿದ. ಅವಳು ಬಟಾಣಿ ಬಿಡಿಸುತ್ತ, ತಲೆಯನ್ನೂ ಎತ್ತದೆ, ನಿಮ್ಮನ್ನ ನೋಡೋದಕ್ಕೆ ನಾನು ಅಷ್ಟು ದೂರ ಯಾಕೆ ಹೋಗಲಿ, ದಿನಾ ಇಲ್ಲೇ ಇರ್ತೀರಲ್ಲ ಎಂದಳು. ಮಾತಿನ ಮೊನೆ ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಅವನು ಗಡ್ಡ ಹೆರೆದುಕೊಳ್ಳಲು ಬಚ್ಚಲಿಗೆ ಹೋದ.

ತಿರುಪು ಮಾವ ತೀರಿಕೊಂಡು ಹತ್ತು ದಿನವಾಗಿತ್ತು. ಇವತ್ತು ಸಂಜೆ ಟೀವಿ ಕೇಂದ್ರದ ಹಳೆಯ ಸ್ಟುಡಿಯೋದಲ್ಲಿ ಆತನ ನೆನಪಿನ ಸಭೆ. ಈ ಊರಿನಲ್ಲಿ ನಲವತ್ತು ದಾಟಿದ ಯಾರನ್ನೇ ನಿಲ್ಲಿಸಿ ಆತನ ನಿಜವಾದ ಹೆಸರು ಕೇಳಿದರೆ ತಬ್ಬಿಬ್ಬಾಗುತ್ತಾರೆ. ತಿರುಪು ಮಾವ ಎಂದರೆ ಮಾತ್ರ ಮುಖ ಅರಳುತ್ತದೆ. ಹನ್ನೊಂದು ವರ್ಷ, ಪ್ರತಿ ಶನಿವಾರ ಸಂಜೆ ಐದಕ್ಕೆ, ಊರಿನ ಪುಟ್ಟ ಟೀವಿ ಕೇಂದ್ರದಿಂದ ಆತ ಮಕ್ಕಳಿಗಾಗಿ 'ತಿರುಪು ಮಾವನ ಕಾರ್ಖಾನೆ' ನಡೆಸಿದ. ಕಿವಿಯ ಸಂದಿಯಲ್ಲಿ ಸ್ಕ್ರೂಡ್ರೈವರ್, ಜೇಬಿನ ತುಂಬ ಮೊಳೆ, ಮೀಸೆಗೆ ಯಾವಾಗಲೂ ಅಂಟಿದ ಏನೋ ಒಂದು ಗೋಂದು. ಬರೀ ಟೀವಿಯ ವೇಷ ಅಲ್ಲ ಅದು. ಆತ ಹುಟ್ಟಾ ಸಂಶೋಧಕ. ಮಲಗಿದಲ್ಲಿಂದಲೇ ಕಿಟಕಿ ಮುಚ್ಚುವ ದಾರ, ಹಲ್ಲುಜ್ಜುವಾಗ ಹಾಡುವ ಬ್ರಷ್ಷು, ಕಳೆದುಹೋದರೆ ತಾನೇ ಸೀನುವ ಕನ್ನಡಕದ ಡಬ್ಬಿ. ಇವೆಲ್ಲದರ ಅರ್ಜಿಗಳೂ ಪೇಟೆಂಟ್ ಕಚೇರಿಯಲ್ಲಿ ಒಬ್ಬನೇ ಪರೀಕ್ಷಕನ ಮೇಜಿಗೆ ಬರುತ್ತಿದ್ದವು, ಆ ಪರೀಕ್ಷಕನೇ ಇವನು. ಎಂಟು ಅರ್ಜಿಗಳನ್ನು ಇವನು ನ್ಯಾಯವಾಗಿಯೇ ತಿರಸ್ಕರಿಸಿದ್ದ. ಸೀನುವ ಡಬ್ಬಿ ಪರೀಕ್ಷೆಯ ದಿನ ಸೀನಲಿಲ್ಲ. ಅದಕ್ಕೆ ಇವನೇನು ಮಾಡಬೇಕಿತ್ತು? ಆ ಎಂಟಕ್ಕೆ ಇವನ ಮನಸ್ಸಿನಲ್ಲಿ ಒಂದು ಮುಳ್ಳೂ ಇಲ್ಲ. ಮುಳ್ಳು ಇರುವುದು ಒಂಬತ್ತನೆಯದರಲ್ಲಿ. ಅದರ ಮಾದರಿ ನೀಲಿ ಬಟ್ಟೆಯ ಚೀಲದಲ್ಲಿ, ಮಲಗುವ ಕೋಣೆಯ ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಹತ್ತೊಂಬತ್ತು ವರ್ಷದಿಂದ ಕೂತಿತ್ತು. ಅದನ್ನು ಇವತ್ತು ತೆಗೆದುಕೊಂಡು ಹೋಗಬೇಕೋ ಬೇಡವೋ ಎಂಬುದು ಹತ್ತು ದಿನದಿಂದ ಅವನ ನಿದ್ದೆ ತಿಂದಿತ್ತು.

ಸೋಪಿನ ನೊರೆಯಲ್ಲಿ ಮೂಗು ಎಡಕ್ಕೆ ಸೊಟ್ಟಗಾಯಿತು. ತಾನಾಗಿ ಆಗುವುದು ಅದು, ಹುಟ್ಟಿನಿಂದ ಬಂದದ್ದು. ಯಾವುದಾದರೂ ಅರ್ಜಿ ಸರಿಯಿಲ್ಲ ಅನ್ನಿಸಿದರೆ ಮೊದಲು ಮೂಗು ಎಡಕ್ಕೆ ಹೋಗುತ್ತದೆ, ಆಮೇಲೆ ಒಂದು ಸಣ್ಣ ಮೂಸು, ಆಮೇಲೆ ಹೆಬ್ಬೆರಳು ನಾಲಗೆಗೆ ತಾಗಿ ಪುಟ ತಿರುಗುತ್ತದೆ, ಕೊನೆಗೆ ಕತ್ತು ಅತ್ತಿಂದಿತ್ತ. ಇಷ್ಟೆಲ್ಲ ಮಾಡುತ್ತೇನೆಂದು ನಲವತ್ತಮೂರು ವರ್ಷ ಅವನಿಗೆ ಗೊತ್ತೇ ಇರಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ. ತಿರುಪು ಮಾವ ಒಂಬತ್ತನೆಯ ಸಲ ಬಂದಾಗ ಮೇಜಿನ ಮೇಲೆ ಇಟ್ಟದ್ದು ಒಂದು ಮರದ ಹಲಗೆ. ಹಲಗೆಯ ಕೆಳಗೆ ಏಳು ಪೆಡಲು, ಪ್ರತಿ ಪೆಡಲಿನಿಂದ ಒಂದೊಂದು ತಂತಿ, ತಂತಿಗಳೆಲ್ಲ ಮೇಲೆ ಒಂದು ಬೋಳು ಕೋಲಿಗೆ ಕೂಡುತ್ತಿದ್ದವು. ಕಾಲಿನಲ್ಲೇ ಗೊಂಬೆ ಆಡಿಸುವ ಯಂತ್ರ, ಸಾರ್, ಎರಡು ಕೈಯೂ ಬೇರೆ ಕೆಲಸಕ್ಕೆ ಬಿಡುವು ಎಂದು ಆತ ವಿವರಿಸಿದ. ತಂತಿಗಳನ್ನು ಒಂದಕ್ಕೊಂದು ತೊಡರದಂತೆ ಒಂದೇ ಕೊಳವೆಯೊಳಗೆ ಹಾಯಿಸಿದ ಉಪಾಯ ನೋಡಿ ಅವನಿಗೆ ನಿಜವಾಗಿ ಮೈ ಜುಮ್ಮೆಂದಿತು. ಅಂಥದ್ದನ್ನು ಅವನು ಎಲ್ಲೂ ನೋಡಿರಲಿಲ್ಲ. ಆದರೆ ನಿಯಮ ನಿಯಮವೇ. ಗೊಂಬೆ ಆಡಿಸುವ ಯಂತ್ರವೆಂದ ಮೇಲೆ ಗೊಂಬೆ ಎಲ್ಲಿ? ಮಾದರಿ ಅಪೂರ್ಣ, ತಲೆ ಜೋಡಿಸಿಕೊಂಡು ಬನ್ನಿ ಎಂದ. ಯಾರ ತಲೆ ಸಾರ್ ಎಂದು ಆತ ಕೇಳಿದ. ಯಾರದಾದರೂ ಆಗಬಹುದು, ಒಂದು ತಲೆ ಇದ್ದರಾಯಿತು ಎಂದು ಇವನು ಹೇಳಿದ. ಆತ ಕುರ್ಚಿಯಿಂದ ಏಳದೆ ಇವನ ಮುಖವನ್ನೇ ಬಹಳ ಹೊತ್ತು ನೋಡಿದ. ಪಾಪ, ನಿರಾಶೆಯಾಗಿದೆ ಎಂದುಕೊಂಡು ಇವನು ಜವಾನನನ್ನು ಕರೆದು ನೀರು ಕೊಡಿಸಿದ. ಮೂರು ವಾರ ಬಿಟ್ಟು ಆತ ಗೊಂಬೆಯೊಂದಿಗೆ ಬಂದ. ಇಂಥದ್ದೇ ಇನ್ನೊಂದನ್ನು ಟೀವಿ ಕೇಂದ್ರಕ್ಕೂ ಮಾಡಿದ್ದೇನೆ ಸಾರ್, ಇದು ಕಚೇರಿಗೆ ಎಂದ. ಬೂದು ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ, ಮುಂದೆ ಒಂದು ಪುಟ್ಟ ಕಡತ, ಕೈಯಲ್ಲಿ ಮೊಹರು. ಇವನು ಎರಡು ದಿನ ಅದನ್ನು ಪರೀಕ್ಷಿಸಿದ. ಒಂದನೆಯ ಪೆಡಲಿಗೆ ಕತ್ತು ಅತ್ತಿತ್ತ ಆಡುತ್ತದೆ, ಎರಡನೆಯದಕ್ಕೆ ಮೂಗು ಎಡಕ್ಕೆ ಹೋಗುತ್ತದೆ, ಮೂರನೆಯದಕ್ಕೆ ಹೆಬ್ಬೆರಳು ಬಾಯಿಗೆ ಹೋಗುತ್ತದೆ, ನಾಲ್ಕನೆಯದಕ್ಕೆ ಮೊಹರು ಬೀಳುತ್ತದೆ, ಐದನೆಯದಕ್ಕೆ ಹುಬ್ಬು ಏರುತ್ತದೆ, ಆರನೆಯದಕ್ಕೆ ಬಾಯಿ ತೆರೆಯುತ್ತದೆ. ಒಂದೊಂದನ್ನೂ ಅಕ್ಷರ ಬಿಡದೆ ಬರೆದುಕೊಂಡ. ಟಿಪ್ಪಣಿಯ ಕೊನೆಗೆ, ಮುಖಭಾವ ಬಹಳ ಸಹಜವಾಗಿದೆ, ಎಲ್ಲಿಯೋ ನೋಡಿದಂತಿದೆ ಎಂದೂ ಬರೆದ. ಆ ಎರಡು ದಿನ ಜವಾನ ಯಾಕೆ ಮತ್ತೆ ಮತ್ತೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಓಡುತ್ತಿದ್ದ ಎಂದು ಅವನಿಗೆ ಹೊಳೆಯಲಿಲ್ಲ. ಹೊಟ್ಟೆ ಕೆಟ್ಟಿರಬೇಕೆಂದು ರಜೆ ತೆಗೆದುಕೊಳ್ಳಲು ಹೇಳಿದ.

ಏಳನೆಯ ಪೆಡಲನ್ನು ಮಾತ್ರ ಅವನು ತುಳಿಯಲಿಲ್ಲ. ಅರ್ಜಿಯಲ್ಲಿ ಅದರ ಎದುರಿಗೆ 'ಸಂದರ್ಭ ಬಂದಾಗ ಬಳಸಲು' ಎಂದಷ್ಟೇ ಇತ್ತು. ಉಪಯೋಗ ತಿಳಿಸದ ಭಾಗವನ್ನು ಪರೀಕ್ಷಿಸುವುದು ಪರೀಕ್ಷಕನಿಗೆ ಶೋಭೆಯಲ್ಲ. ಸಂದರ್ಭ ಯಾವುದು, ಸ್ಪಷ್ಟಪಡಿಸಿ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ. ಮರುಟಪಾಲಿನಲ್ಲಿ ಉತ್ತರ ಬಂತು: ಸಂದರ್ಭ ಪರೀಕ್ಷಕರ ಕೈಯಲ್ಲಿದೆ. ಇದೆಂಥ ಕೊಬ್ಬು ಎಂದುಕೊಂಡರೂ, ಉಳಿದ ಆರು ಪೆಡಲಿಗೆ ಪೇಟೆಂಟ್ ಕೊಡಬಹುದೆಂದು ಶುಕ್ರವಾರ ಸಂಜೆ ಕರಡು ಬರೆದಿಟ್ಟು ಮನೆಗೆ ಬಂದ. ಮಾರನೆಯ ದಿನ ಶನಿವಾರ.

ಗಲ್ಲ ಕೊಯ್ದುಕೊಂಡಿತು. ಹತ್ತಿಯ ಚೂರು ಒತ್ತಿಕೊಂಡು ಅವನು ಕೋಣೆಗೆ ಬಂದು ಸ್ಟೂಲಿನ ಮೇಲೆ ಹತ್ತಿದ. ಎಪ್ಪತ್ತೇಳನೆಯ ವಯಸ್ಸಿನಲ್ಲಿ ಸ್ಟೂಲು ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ಹಾಗೆ ನೋಡಿದರೆ ಎಪ್ಪತ್ತೇಳರಲ್ಲಿ ಮಾಡಬಾರದ್ದು ಇನ್ನೂ ಬಹಳ ಇದೆ. ಆ ಶನಿವಾರ ಅವನು ಕಾಲು ಚಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಏಳು ವರ್ಷದ ಮಗಳು ನೆಲದ ಮೇಲೆ, ಟೀವಿಗೆ ಮೂಗು ತಾಗುವಷ್ಟು ಹತ್ತಿರ. ಇವತ್ತು ನಮ್ಮ ಕಾರ್ಖಾನೆಗೆ ಒಬ್ಬರು ದೊಡ್ಡ ಸಾಹೇಬರು ಬಂದಿದ್ದಾರೆ ಎಂದು ತಿರುಪು ಮಾವ ಪರದೆ ಸರಿಸಿದ. ಬೂದು ಕೋಟು. ಒಬ್ಬ ಹುಡುಗಿ ತಾನು ಮಾಡಿದ ಕಾಗದದ ಗಾಳಿಯಂತ್ರವನ್ನು ಗೊಂಬೆಯ ಮುಂದಿಟ್ಟಳು. ಮೂಗು ಎಡಕ್ಕೆ ಹೋಯಿತು. ಮೂಸಿತು. ಹೆಬ್ಬೆರಳು ನಾಲಗೆಗೆ ತಾಗಿತು. ಕತ್ತು ಅತ್ತಿಂದಿತ್ತ ಆಡಿತು. "ಆಗಲ್ಲಪ್ಪ, ನಿಯಮ ಇಲ್ಲ" ಎಂದು ಗೊಂಬೆ ಹೇಳಿ ಮೊಹರು ಕುಟ್ಟಿತು. ಸ್ಟುಡಿಯೋದ ಮಕ್ಕಳೆಲ್ಲ ಆಗುತ್ತಪ್ಪಾ ಎಂದು ಕಿರುಚಿ, ಗಾಳಿಯಂತ್ರವನ್ನು ಬೀಸಣಿಗೆಯ ಮುಂದೆ ಹಿಡಿದು ತಿರುಗಿಸಿಯೇ ಬಿಟ್ಟರು. ಅವನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ತನ್ನ ಪರೀಕ್ಷೆಯಲ್ಲಿ ಪಾಸಾದ ಯಂತ್ರ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆಯಲ್ಲ ಎಂದು ಹೆಮ್ಮೆಯಿಂದ ಒಂದು ಸಲ ಮೂಸಿದ. ಆಗ ಮಗಳು ತಿರುಗಿ ನೋಡಿದಳು. ಟೀವಿ ನೋಡಿದಳು, ಅವನನ್ನು ನೋಡಿದಳು. "ಅಪ್ಪಾ! ಇದು ನೀನೇ!" ಎಂದು ಎದ್ದು ನಿಂತು, ಮೂಗು ಸೊಟ್ಟ ಮಾಡಿ, ಹೆಬ್ಬೆರಳು ನೆಕ್ಕಿ, ಆಗಲ್ಲಪ್ಪ ಎಂದು ನಗತೊಡಗಿದಳು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯ ಭುಜ ಕುಲುಕುತ್ತಿದ್ದದ್ದು ಅವನ ಕಣ್ಣಂಚಿಗೆ ಬಿತ್ತು. ಜವಾನನ ಹೊಟ್ಟೆ ಕೆಟ್ಟದ್ದು ಯಾಕೆಂದು ಆ ಕ್ಷಣ ಅರ್ಥವಾಯಿತು. ಬೇರೆ ಅಪ್ಪಂದಿರಾಗಿದ್ದರೆ ನಕ್ಕುಬಿಡುತ್ತಿದ್ದರು. ಅವನ ಕೈ ಹೋಯಿತು. ಮಗಳ ಎಡಗೆನ್ನೆಯ ಮೇಲೆ ಬಿತ್ತು. ನಗು ಅರ್ಧಕ್ಕೇ ನಿಂತಿತು. ಅಳಲಿಲ್ಲ ಅವಳು, ಕೈಯನ್ನು ಕೆನ್ನೆಯ ಹತ್ತಿರ ಒಯ್ದು ಅವನನ್ನೇ ನೋಡಿದಳು. ಅದು ನಾನಲ್ಲ, ಇನ್ನೊಂದು ಸಲ ಹಾಗೆ ಹೇಳಬೇಡ ಎಂದು ಅವನು ಟೀವಿ ಆರಿಸಿದ. ಹೆಂಡತಿ ಬಂದು ಮಗುವನ್ನು ಎತ್ತಿಕೊಂಡು ಒಳಗೆ ಹೋಗುವಾಗ ಒಂದೇ ಮಾತು ಹೇಳಿದಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಂದಿನಿಂದ ಮಗಳು ಇನ್ನೊಂದು ಸಲ ಹಾಗೆ ಹೇಳಲಿಲ್ಲ. ಶನಿವಾರ ಐದಕ್ಕೆ ಅವಳು ಪಕ್ಕದ ಮನೆಯಲ್ಲಿರುತ್ತಿದ್ದಳು, ಐದೂವರೆಗೆ ಮುಖ ಗಂಟಿಕ್ಕಿಕೊಂಡು ಒಳಗೆ ಬರುತ್ತಿದ್ದಳು, ನಕ್ಕದ್ದು ಗೊತ್ತಾಗಬಾರದಲ್ಲ.

ಸೋಮವಾರ ಅವನು ಕರಡನ್ನು ಹರಿದು ಹಾಕಿದ. ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ಇಳಿದು ಮೂರು ದಿನ ಧೂಳು ಕುಡಿದ. ಹೊಸದಲ್ಲ ಎಂದು ತೋರಿಸಬೇಕಾದರೆ ಹಳೆಯದೊಂದು ಸಿಗಬೇಕು. ಎಂಬತ್ತು ವರ್ಷದ ಹಿಂದಿನ ಒಂದು ಹೊಲಿಗೆ ಯಂತ್ರದ ನಕ್ಷೆ ಸಿಕ್ಕಿತು. ಅದಕ್ಕೂ ಕಾಲಿನ ಪೆಡಲಿತ್ತು. ಅಷ್ಟೇ ಸಾಕಾಯಿತು. ಅರ್ಜಿದಾರರ ಯಂತ್ರದ ಮೂಲತತ್ತ್ವ ಹೊಲಿಗೆ ಯಂತ್ರದಲ್ಲಿ ಮೊದಲೇ ಇರುವುದರಿಂದ ತಿರಸ್ಕರಿಸಲಾಗಿದೆ ಎಂದು ಬರೆದ. ಗೊಂಬೆಗೂ ಹೊಲಿಗೆಗೂ ಎತ್ತಣಿಂದೆತ್ತ ಸಂಬಂಧ ಎಂದು ಅವನ ಕೈಯೇ ಅವನನ್ನು ಕೇಳಿತು, ಅವನು ಕೇಳಿಸಿಕೊಳ್ಳಲಿಲ್ಲ. ಮೊಹರು ಕುಟ್ಟುವಾಗ ಸಿಕ್ಕಿದ ಸುಖ ಇವತ್ತಿಗೂ ನೆನಪಿದೆ. ಆ ಸುಖ ನೆನಪಿರುವುದಕ್ಕೇ ಅವನಿಗೆ ಹೆಚ್ಚು ನಾಚಿಕೆ. ಆತ ಜಗಳಕ್ಕೆ ಬರುತ್ತಾನೆಂದು ಕಾದ. ಬರಲಿಲ್ಲ, ಮೇಲ್ಮನವಿಯನ್ನೂ ಹಾಕಲಿಲ್ಲ. ಶನಿವಾರ ಶನಿವಾರ ಗೊಂಬೆ ಮಾತ್ರ ಬಂತು. ಹನ್ನೊಂದು ವರ್ಷದಲ್ಲಿ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದಾಗಲೂ ಯಾರದೋ ಮಗು ಅವನತ್ತ ಬೆರಳು ತೋರಿಸಿ ಆಗಲ್ಲಪ್ಪ ಎಂದಿತ್ತು. ಇಂಗು ತಿಂದ ಮಂಗನ ಹಾಗೆ ಅವನು ಬೇರೆ ಕಡೆ ನೋಡುತ್ತಿದ್ದ. ಆ ಮಾತನ್ನು ಆಡುವುದನ್ನೇ ಬಿಟ್ಟದ್ದು ಹಾಗೆ. ನಿವೃತ್ತಿಯ ವರ್ಷ ಹಳೆಯ ಮಾದರಿಗಳನ್ನೆಲ್ಲ ನಾಶಪಡಿಸಬೇಕೆಂದು ಆದೇಶ ಬಂತು. ಉಗ್ರಾಣದ ಮೂಲೆಯಲ್ಲಿ, ಕತ್ತಿಗೆ ಚೀಟಿ ಕಟ್ಟಿಸಿಕೊಂಡು, ಬೂದು ಕೋಟಿನ ಸಾಹೇಬ ಕೂತಿದ್ದ. ಕೋಟಿನ ಕಾಲರಿಗೆ ಹುಳ ಬಿದ್ದಿತ್ತು, ಮೊಹರು ಹಿಡಿದ ಕೈ ಹಾಗೇ ಎತ್ತಿತ್ತು. 'ನಾಶಪಡಿಸಲಾಗಿದೆ' ಎಂದು ಸಹಿ ಹಾಕಿ, ಗೊಂಬೆಯನ್ನು ಹಲಗೆ ಸಮೇತ ನೀಲಿ ಚೀಲದಲ್ಲಿ ತುರುಕಿಕೊಂಡು ಮನೆಗೆ ಬಂದ. ಇಡೀ ನೌಕರಿಯಲ್ಲಿ ಅವನು ಬರೆದ ಸುಳ್ಳು ಎರಡೇ, ಎರಡೂ ಒಂದೇ ಕಡತದಲ್ಲಿ. ಹೆಂಡತಿಗೆ ಕಾಣದಂತೆ ಬೀರುವಿನ ಮೇಲಿಟ್ಟ. ಆಮೇಲೆ ಒಂದು ದಿನವೂ ಚೀಲ ಬಿಚ್ಚಲಿಲ್ಲ.

ಕಾರಿನಲ್ಲಿ ಮೊಮ್ಮಗಳು, ತಾತ ಚೀಲದಲ್ಲಿ ಏನಿದೆ ಎಂದು ಆರು ಸಲ ಕೇಳಿದಳು. ಕಾಗದಪತ್ರ ಎಂದ. ಕಾಗದಕ್ಕೆ ಮೊಣಕೈ ಇರತ್ತಾ ಎಂದು ಅವಳು ಬಟ್ಟೆಯ ಮೇಲೆ ಕೈಯಾಡಿಸಿದಳು. ಸ್ಟೇರಿಂಗ್ ಹಿಡಿದ ಮಗಳು ಕನ್ನಡಿಯಲ್ಲಿ ಒಂದು ಸಲ ಚೀಲವನ್ನೂ ಒಂದು ಸಲ ಅವನನ್ನೂ ನೋಡಿ ಗೇರು ಬದಲಿಸಿದಳು. ಈ ವಿಷಯದಲ್ಲಿ ಏನೂ ಹೇಳದಿರುವುದು ಅವಳಿಗೆ ಅಭ್ಯಾಸವಾಗಿಹೋಗಿದೆ. ಒಳ್ಳೆಯ ಮಗಳು. ಸೇತುವೆಗಳಿಗೆ ನಕ್ಷೆ ಹಾಕುತ್ತಾಳೆ, ತಂದೆಯ ಕಾಲುನೋವಿಗೆ ಮುಲಾಮು ತರುತ್ತಾಳೆ, ಎಲ್ಲದರ ಮೇಲೂ ತಮಾಷೆ ಮಾಡುತ್ತಾಳೆ, ಅವನ ಮೇಲೆ ಮಾತ್ರ ಮಾಡುವುದಿಲ್ಲ. ಗೆಳತಿಯರ ಜೊತೆ ಮಾತಾಡುತ್ತ ಕಿಲಕಿಲ ಎನ್ನುವವಳು ಅವನು ಕೋಣೆಗೆ ಬಂದ ಕೂಡಲೇ ನಗುವನ್ನು ಮಡಿಚಿ ಒಳಗಿಡುತ್ತಾಳೆ. ಮೂವತ್ತನಾಲ್ಕು ವರ್ಷ ಇದನ್ನು ನೋಡಿದ್ದಾನೆ. ಒಂದೇ ಒಂದು ಏಟು, ಅದೂ ಒಂದೇ ಸಲ. ಎಲ್ಲ ಅಪ್ಪಂದಿರೂ ಹೊಡೆಯುತ್ತಿದ್ದರು ಆಗ ಎಂದು ಎಷ್ಟು ಸಲ ತನಗೇ ಹೇಳಿಕೊಂಡರೂ ಅದು ಸರಿಯಾದ ಉತ್ತರವಾಗಲಿಲ್ಲ. ಚೀಲ ತಂದದ್ದು ತಿರುಪು ಮಾವನಿಗಾಗಿ ಎಂದುಕೊಂಡಿದ್ದ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಇಲ್ಲ, ಇವಳಿಗಾಗಿ ಎನ್ನಿಸಿತು. 

ಸ್ಟುಡಿಯೋ ಅವನು ಎಣಿಸಿದ್ದಕ್ಕಿಂತ ಚಿಕ್ಕದು. ಇನ್ನೂರು ಕುರ್ಚಿ, ತುಂಬ ನಡುವಯಸ್ಸಿನ ಮಕ್ಕಳು. ಬೋಳುತಲೆಯವರು, ಬಣ್ಣ ಹಾಕಿದ ತಲೆಯವರು, ಒಬ್ಬ ನ್ಯಾಯಾಧೀಶೆ, ಒಬ್ಬ ದಪ್ಪನೆಯ ಪೊಲೀಸ್ ಅಧಿಕಾರಿ. ಎಲ್ಲರೂ ಎಂಟು ವರ್ಷದವರ ಹಾಗೆ ಕುರ್ಚಿಯ ಅಂಚಿಗೆ ಕೂತಿದ್ದರು. ಪೊಲೀಸ್ ಅಧಿಕಾರಿ ಮೈಕು ಹಿಡಿದು, ತಾನು ಒಂಬತ್ತನೆಯ ವಯಸ್ಸಿನಲ್ಲಿ ಇಲಿ ಹಿಡಿಯದ ಇಲಿಬೋನು ಮಾಡಿ ತಂದದ್ದನ್ನು ಹೇಳಿದ. ಅಂದರೆ ಇಲಿ ಒಳಗೆ ಬಂದು ತಿಂದು ಹೋಗಬಹುದು, ಯಾರಿಗೂ ತೊಂದರೆ ಇಲ್ಲ. ಆಗಲ್ಲಪ್ಪ ಆಗಲ್ಲ ಅಂದ, ತಿರುಪು ಮಾವ ಆಗತ್ತೆ ಅಂದರು, ಅಷ್ಟು ಸಾಕಿತ್ತು ನನಗೆ ಎಂದು ಕಣ್ಣೊರೆಸಿಕೊಂಡ. ಎಲ್ಲರ ಮಾತೂ ಕೊನೆಗೆ ಗೊಂಬೆಯ ಹತ್ತಿರವೇ ಬರುತ್ತಿತ್ತು. ಇಲ್ಲ ಎನ್ನುವವನೊಬ್ಬ ಎದುರಿಗಿದ್ದದ್ದಕ್ಕೇ ನಮಗೆ ಹಟ ಬಂತು ಎಂದು ನ್ಯಾಯಾಧೀಶೆ ಹೇಳಿದಳು. ಆದರೆ ಸ್ಟುಡಿಯೋದ ಗೊಂಬೆಯೇ ಇಲ್ಲ. ಗೋದಾಮಿನಲ್ಲಿ ಇಲಿಗಳು ತಿಂದು ಹಾಕಿದವು, ಫೋಟೋ ಅಷ್ಟೇ ಉಳಿದಿದೆ ಎಂದು ಮುದುಕ ಕ್ಯಾಮೆರಾಮನ್ ಹೇಳಿದಾಗ ಸಭೆಯೇ ಅಯ್ಯೋ ಎಂದಿತು. ಪೊಲೀಸ್ ಅಧಿಕಾರಿ ತಲೆ ತಗ್ಗಿಸಿದ.

ಅವನು ಎದ್ದ. ಮಗಳು ಎಲ್ಲಿಗೆ ಎಂದು ಕೇಳುವ ಮೊದಲೇ ಚೀಲ ಎತ್ತಿಕೊಂಡು ಮುಂದಿನ ಸಾಲಿಗೆ ನಡೆದ. ತಿರುಪು ಮಾವನ ಹೆಂಡತಿ ಒಂಟಿಯಾಗಿ ಕೂತಿದ್ದಳು. ಸಣ್ಣ ಮುದುಕಿ, ಕಣ್ಣು ಮಾತ್ರ ಚುರುಕು. ಅವಳ ಕಾಲಬುಡದಲ್ಲಿ ಮಂಡಿಯೂರಿ ಚೀಲ ಬಿಚ್ಚಿದ. ಬೂದು ಕೋಟು ಹೊರಬಂತು. ಅವಳು ಗೊಂಬೆಯನ್ನು ನೋಡಿದಳು, ಅವನನ್ನು ನೋಡಿದಳು. ಕೆಲಸದ ಕೈಗಳಿಂದ ಗೊಂಬೆಯನ್ನು ತಿರುಗಿಸಿ ಕಾಲರ್ ಮುಟ್ಟಿದಳು.

"ಕೋಟು ನಾನೇ ಹೊಲಿದದ್ದು. ಆದ್ರೆ ಈ ಕಾಲರು ನಂದಲ್ಲ. ಯಾರೋ ಬಿಚ್ಚಿ ಹೊಸದಾಗಿ ಹೊಲಿದಿದಾರೆ. ಕೈ ಚೆನ್ನಾಗಿದೆ."

ಹುಳ ತಿಂದಿದ್ದ ಕಾಲರಿನ ಜಾಗದಲ್ಲಿ ಅವನ ಹಳೆಯ ಅಂಗಿಯೊಂದರ ಬಟ್ಟೆ ಇತ್ತು. ಅವನಿಗೆ ಆ ಅಂಗಿಯ ಗುರುತು ಸಿಕ್ಕಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಹತ್ತೊಂಬತ್ತು ವರ್ಷ ತನ್ನ ಹೆಂಡತಿ ಆ ಬೀರುವಿನ ಧೂಳು ಒರೆಸಿದ್ದಾಳೆ. ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯದೆ, ಹೇಳಬೇಕೆಂದು ಹತ್ತು ದಿನ ಬಾಯಿಪಾಠ ಮಾಡಿದ್ದೆಲ್ಲ ಮರೆತು, ಅವನು ಬಡಬಡಿಸಿದ.

"ನಿಮ್ಮವರ ಅರ್ಜಿ ತಿರಸ್ಕಾರ ಮಾಡಿದ್ದು ನಾನು. ಹೊಲಿಗೆ ಮಿಷನ್ನು ಅಂತ ಬರೆದದ್ದು ನೆಪ. ಯಂತ್ರ ಹೊಸದೇ. ನನ್ನ ಮಗಳು ನನ್ನನ್ನ ನೋಡಿ ನಕ್ಕಳು, ಅದಕ್ಕೆ ಹಾಗೆ ಮಾಡ್ದೆ."

"ಗೊತ್ತು" ಎಂದಳು ಮುದುಕಿ. "ಆ ಪತ್ರ ಬಂದ ದಿನ ಅವರು ಮನೆತುಂಬ ಕುಣಿದಾಡಿದ್ರು. ನೀವು ಪಾಸು ಮಾಡಿಬಿಟ್ಟಿದ್ರೆ ಮುಂದಿನ ವಾರ ಗೊಂಬೆ ಏನು ಹೇಳ್ಬೇಕಿತ್ತು?"

ಮೂವತ್ತನಾಲ್ಕು ವರ್ಷ ಹೊತ್ತ ಪಾಪ ಹೀಗೆ ಒಂದು ಮಾತಿಗೆ ಪುಸ್ಸೆಂದು ಹೋದದ್ದು ಅವನಿಗೆ ಅವಮಾನವೆನಿಸಿತು. ತಾನು ದ್ರೋಹ ಮಾಡಿದೆನೆಂದು ಕೊರಗಿದ್ದು ಆತನಿಗೆ ಶನಿವಾರದ ಸರಕಾಗಿತ್ತೇ? ಅಷ್ಟರಲ್ಲಿ ಮುದುಕಿ ಬಗ್ಗಿ ಹಲಗೆಯ ಕೆಳಗೆ ಬೆರಳು ಹಾಕಿ ಏಳನೆಯ ಪೆಡಲನ್ನು ಹುಡುಕಿ ಹಿಡಿದಳು. ಅವಳ ದನಿ ಸ್ವಲ್ಪ ಇಳಿಯಿತು.

"ಒಂದೇ ಒಂದು ಬೇಜಾರು ಉಳೀತು ಅವರಿಗೆ. ನೀವು ಇವತ್ತಲ್ಲ ನಾಳೆ ಸ್ಟುಡಿಯೋಗೆ ಜಗಳಕ್ಕೆ ಬರ್ತೀರಿ ಅಂತ ಕಾಯ್ತಿದ್ರು. ಬಂದ್ರೆ ಎಲ್ಲಾ ಮಕ್ಕಳ ಎದುರಿಗೆ ಇದನ್ನ ತುಳಿದು ಗೊಂಬೆ ಕೈಲಿ ಹೂಂ ಅನ್ನಿಸ್ತೀನಿ, ಆಮೇಲೆ ಸಾಹೇಬರ ಜೊತೆ ಕಾಫಿ ಕುಡೀತೀನಿ ಅಂತಿದ್ರು. ಹನ್ನೊಂದು ವರ್ಷ ಒಂದು ಸಲಾನೂ ತುಳೀಲಿಲ್ಲ. ನೀವು ಬರಲೇ ಇಲ್ಲ."

ಸಂದರ್ಭ ಪರೀಕ್ಷಕರ ಕೈಯಲ್ಲಿದೆ. ಅವನು ಅದಕ್ಕೆ ಕೊಬ್ಬು ಎಂದು ಹೆಸರಿಟ್ಟು ಕಡತ ಮುಚ್ಚಿದ್ದ. ಮನೆಯಿಂದ ಇಲ್ಲಿಗೆ ಕಾರಿನಲ್ಲಿ ಇಪ್ಪತ್ತು ನಿಮಿಷ. ನಡೆದರೂ ಒಂದು ಗಂಟೆ. ಇಷ್ಟು ಹೊತ್ತಿಗೆ ಕ್ಯಾಮೆರಾಮನ್ ಗೊಂಬೆಯನ್ನು ಕಂಡುಬಿಟ್ಟಿದ್ದ. ಯಾರು ಎತ್ತಿದರೋ ಯಾರು ನೂಕಿದರೋ, ಗೊಂಬೆ ವೇದಿಕೆಯ ಮೇಜಿನ ಮೇಲಿತ್ತು, ಅವನು ಅದರ ಹಿಂದಿನ ಕುರ್ಚಿಯಲ್ಲಿದ್ದ, ಪೆಡಲುಗಳು ಕೆಳಗೆ ಅವನ ಕಾಲಬುಡದಲ್ಲಿದ್ದವು. ಇನ್ನೂರು ಜನ ಗೊಂಬೆಯನ್ನು ನೋಡಿದರು, ಅವನನ್ನು ನೋಡಿದರು, ಮತ್ತೆ ಗೊಂಬೆಯನ್ನು ನೋಡಿದರು. ನಗು ಹಿಂದಿನ ಸಾಲಿನಿಂದ ಶುರುವಾಯಿತು. ಇದಕ್ಕಲ್ಲವೇ ಇಷ್ಟು ವರ್ಷ ಹೆದರಿದ್ದು. ಬಂದಾಗ ನೋಡಿದರೆ ಮೈಮೇಲೆ ಬಿದ್ದು ಹೋಗುವ ನೀರಿನಂತಿತ್ತು, ಒದ್ದೆಯಾಯಿತು, ಅಷ್ಟೆ. ಪೆಡಲಿನ ವರಸೆ ಸ್ಟುಡಿಯೋದವರಿಗೆ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಬಾಯಿಪಾಠವಿತ್ತು, ಅಕ್ಷರ ಬಿಡದೆ ಬರೆದವನೇ ಅವನಲ್ಲವೇ? ಎರಡನೆಯದನ್ನು ತುಳಿದ. ಮೂಗು ಎಡಕ್ಕೆ ಹೋಯಿತು. ಪೆಡಲು ಕಿರ್ ಎನ್ನಲಿಲ್ಲ. ಕೆಳಗಿನಿಂದ ಹೆಂಡತಿಯ ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಬಂತು. ಎಲಾ ಇವಳೇ ಎಂದುಕೊಂಡ. ಮೂರನೆಯದು, ಒಂದನೆಯದು, ನಾಲ್ಕನೆಯದು. ಮೊಹರು ಬಿದ್ದಾಗ ಪೊಲೀಸು, ನ್ಯಾಯಾಧೀಶೆ, ಎಲ್ಲರೂ ಎದ್ದು ನಿಂತು ಆಗುತ್ತಪ್ಪಾ ಎಂದು ಕಿರುಚಿದರು.

ಕಿರುಚಾಟದ ನಡುವೆ ಮೊಮ್ಮಗಳು ಯಾವಾಗ ವೇದಿಕೆ ಹತ್ತಿದಳೋ. ಮೇಜಿನ ಅಂಚಿಗೆ ಗದ್ದ ಊರಿ ಗೊಂಬೆಯ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿದಳು. ಆಮೇಲೆ ಅವನನ್ನಲ್ಲ, ಗೊಂಬೆಯನ್ನೇ ಕೇಳಿದಳು, ಮೈಕಿನ ಎದುರಿಗೇ.

"ಏಯ್, ನೀನು ನಮ್ಮ ತಾತನಾ?"

ಮಗಳು ಓಡಿ ಬಂದಳು, ಹಾಗೆಲ್ಲ ಕೇಳಬಾರದು ಪುಟ್ಟಿ, ಬಾ ಇಲ್ಲಿ ಎಂದು ಒಂದು ಕೈಯಲ್ಲಿ ಮಗುವಿನ ತೋಳು ಹಿಡಿದಳು. ಅವಳ ಇನ್ನೊಂದು ಕೈ ತಾನಾಗಿಯೇ ತನ್ನ ಎಡಗೆನ್ನೆಯ ಹತ್ತಿರ ಹೋಗಿದ್ದನ್ನು ಅವನು ನೋಡಿದ. ನಲವತ್ತೊಂದು ವರ್ಷದ ಹೆಂಗಸು. ಸೇತುವೆ ಕಟ್ಟುವವಳು. ಅವನು ಅವಳ ಮುಖದಿಂದ ಕಣ್ಣು ತೆಗೆಯದೆ, ಚಪ್ಪಲಿ ಬಿಟ್ಟು, ಕಾಲಿನಿಂದ ತಡಕಿ, ಏಳನೆಯ ಪೆಡಲಿನ ಮೇಲೆ ಪಾದವಿಟ್ಟ. ತುಳಿದ.

ಗೊಂಬೆಯ ಕತ್ತು ಮುಂದಕ್ಕೆ ಬಾಗಿತು. ಎದ್ದಿತು. ಹೂಂ.

ಯಾರಿಗೂ ಕಾಣದಿದ್ದರೆ ಎಂದು ಇನ್ನೊಮ್ಮೆ ತುಳಿದ. ಹೂಂ. ಹೂಂ. ಮಗಳ ಕೈ ಕೆನ್ನೆಯಿಂದ ಇಳಿಯಿತು. ಅವಳು ಗೊಂಬೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಮೂಗನ್ನು ಮೆಲ್ಲಗೆ ಎಡಕ್ಕೆ ಸೊಟ್ಟ ಮಾಡಿದಳು. ಆಮೇಲೆ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಮೇಜಿನ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನಿಗೂ ಕಣ್ಣು ಮಂಜು ಮಂಜಾಯಿತು. ಕಾಲು ಮಾತ್ರ ಪೆಡಲು ಬಿಡಲಿಲ್ಲ, ಗೊಂಬೆ ಹೂಂ ಹೂಂ ಎನ್ನುತ್ತಲೇ ಇತ್ತು.

ಮೊಮ್ಮಗಳು ಸಮಯ ಕಳೆಯುವವಳಲ್ಲ. ಹೂಂ ಎನ್ನುವ ತಾತ ಒಬ್ಬ ಸಿಕ್ಕಿದ್ದಾನೆಂದು ಅವಳಿಗೆ ಹೊಳೆದಿತ್ತು. ಹಾಗಾದ್ರೆ ನಾಳೆಯಿಂದ ನಾನು ಹಾಲು ಕುಡೀದೆ ಇರಬಹುದು ಅಲ್ವಾ ಎಂದು ಕೇಳಿದಳು. ಅವನು ಏಳನೆಯ ಪೆಡಲಿನಿಂದ ಕಾಲು ತೆಗೆದ. ಒಂದನೆಯದನ್ನೂ ಆರನೆಯದನ್ನೂ ಒಟ್ಟಿಗೆ ತುಳಿದು, ಮೈಕಿಗೆ ಬಗ್ಗಿ, ಮೂಗು ಎಡಕ್ಕೆ ಹೋಗುವುದನ್ನು ತಡೆಯದೆ, ತನ್ನದೇ ದನಿಯಲ್ಲಿ ಹೇಳಿದ.

"ಆಗಲ್ಲಪ್ಪ."